ಪುಟ್ಟಲಿಂಗಮ್ಮನ ಬಿಸ್ಕತ್ತಿನ ಉಂಡೆ

ನಜರ್‌ಬಾದಿನ ನಮ್ಮ ಬೀದಿಯ ಶಿಶುವಿಹಾರದಲ್ಲಿ ಪುಟ್ಟಲಿಂಗಮ್ಮ ಇಪ್ಪತ್ತೆರಡು ವರ್ಷಗಳಿಂದ ಆಯಾ ಆಗಿದ್ದಾರೆ. ಮೂಗು ಒರೆಸುವುದು, ಚಡ್ಡಿ ಬದಲಿಸುವುದು, ಮಗು ಬಿದ್ದರೆ ಮೊಣಕಾಲಿಗೆ ಊದಿ, ಬೀಳಿಸಿದ ನೆಲಕ್ಕೆ ಎರಡು ಏಟು ಕೊಡುವುದು ಅವರ ಕೆಲಸ. ಓದಿರುವುದು ಮೂರನೆಯ ತರಗತಿ. ಒಂದು ದಿನವಾದರೂ ಬಾಗಿಲಲ್ಲಿ ಬಕೆಟ್ ಹಿಡಿದು ನಿಲ್ಲದೆ ಮೇಜಿನ ಹಿಂದೆ ನಿಂತು ಪಾಠ ಮಾಡಬೇಕು, ಮಕ್ಕಳಿಂದ ‘ಮಿಸ್’ ಅನ್ನಿಸಿಕೊಳ್ಳಬೇಕು ಎಂಬ ಆಸೆ ಅವರಿಗೆ ಬಹಳ ದಿನಗಳಿಂದ ಇತ್ತು. ಇದನ್ನು ಅವರು ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದರು.

ಕಳೆದ ಡಿಸೆಂಬರಿನಲ್ಲಿ ಆ ದಿನ ಬಂತು.

ಶಿಶುವಿಹಾರವನ್ನು ನಡೆಸುವ ಸಗಾಯಮೇರಿ ಮಿಸ್ ಪ್ರತಿವರ್ಷ ಕ್ರಿಸ್‌ಮಸ್ ರಜೆಯ ಮುಂಚಿನ ದಿನ ಮಕ್ಕಳ ಕೈಯಿಂದ ಬಿಸ್ಕತ್ತಿನ ಉಂಡೆ ಮಾಡಿಸುತ್ತಾರೆ. ಮಕ್ಕಳಿರುವ ಕಡೆ ಒಲೆ ಹಚ್ಚಬಾರದು ಎಂಬುದು ಅವರ ನಿಯಮ. ಬಿಸ್ಕತ್ತು ಪುಡಿಮಾಡಿ, ಡಬ್ಬದ ಸಿಹಿ ಹಾಲು ಬೆರೆಸಿ, ಉಂಡೆ ಕಟ್ಟಿ, ಕೊಬ್ಬರಿ ತುರಿಯಲ್ಲಿ ಹೊರಳಿಸಿದರೆ ಆಯಿತು. ತೊಂದರೆ ಒಂದೇ. ಅರವತ್ತು ಉಂಡೆಯ ಹಿಟ್ಟು ಕಲಸಿದರೆ ತಟ್ಟೆಗೆ ಬರುವುದು ಹನ್ನೊಂದು. ಉಳಿದದ್ದು ಬೆರಳುಗಳ ಮೂಲಕ ಆಗಲೇ ಬಾಯಿ ಸೇರಿರುತ್ತದೆ.

ಆ ಬೆಳಿಗ್ಗೆ ಕ್ರಿಸ್‌ಮಸ್ ತಾತನ ಗಡ್ಡವನ್ನು ಇಲಿ ಕಡಿದಿತ್ತು. ತಾತನಾಗುವವನು ಆಟೋ ಓಡಿಸುವ ಮಹದೇವು. ಅವನು ಕೆಂಪು ಅಂಗಿ ತೊಟ್ಟೇ ಬಂದಿದ್ದ. ಅವನ ಆಟೋದಲ್ಲೇ ದೇವರಾಜ ಮೊಹಲ್ಲಾಕ್ಕೆ ಹೋಗಿ ಹೊಸ ಗಡ್ಡ ತರಲು ಮಿಸ್ ಹೊರಟರು.

“ಪುಟ್ಟಲಿಂಗಮ್ಮ, ಹನ್ನೊಂದಕ್ಕೆ ಮಕ್ಕಳ ಮನೆಯವರೆಲ್ಲ ಬರ್ತಾರೆ. ಉಂಡೆ ನೀವೇ ಮಾಡಿಸ್ತೀರಾ?”

“ಉಂಡೆ ಕಟ್ಟೋದ್ನ ನನ್ನ ಕೇಳ್ತೀರಾ ಮಿಸ್ಸು? ನೀವು ನೆಮ್ಮದಿಯಾಗಿ ಹೋಗ್ಬುಟ್ಟು ಬನ್ನಿ.”

ಆಮೇಲೆ ನಡೆದದ್ದನ್ನು, ಅದೇ ಶಿಶುವಿಹಾರಕ್ಕೆ ಹೋಗುವ ನನ್ನ ಮೊಮ್ಮಗಳು ಹರ್ಷಿತಾ ನನಗೆ ಮೂರು ಸಲ ಅಭಿನಯಿಸಿ ತೋರಿಸಿದ್ದಾಳೆ.

ಪುಟ್ಟಲಿಂಗಮ್ಮ ಸೆರಗು ಸಿಕ್ಕಿಸಿಕೊಂಡು ಮೇಜಿನ ಹಿಂದೆ ನಿಂತರು.

“ಆಯಾ, ಸುಸ್ಸು” ಎಂದ ಚೈತನ್ಯ.

“ಇವತ್ತು ಮಿಸ್ ಅನ್ಬೇಕು ಕಣೋ.”

“ಮಿಸ್ ಆಟೋದಲ್ಲಿ ಹೋದ್ರಲ್ಲ.”

ಅವನನ್ನು ಕರೆದುಕೊಂಡು ಹೋಗಿಬಂದು ಪುಟ್ಟಲಿಂಗಮ್ಮ ಹಾಲಿನ ಡಬ್ಬ ತೆರೆದರು. ಪ್ರತಿವರ್ಷ ಈ ಹೊತ್ತಿಗೆ ಅವರು ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿರುತ್ತಾರೆ. ಆ ಹಾಲನ್ನು ಕಂಡವರಲ್ಲ. ಚಮಚ ಹಾಕಿದರೆ ನೆಟ್ಟಗೆ ನಿಂತಿತು. “ಅಯ್ಯೋ ಪಾಪ, ಹಾಲು ಗಟ್ಟಿಯಾಗ್ಬುಟ್ಟದೆ” ಎಂದು, ಮನೆಯಲ್ಲಿ ಗಟ್ಟಿ ಹಾಲಿಗೆ ಮಾಡುವ ಹಾಗೆ ಎರಡು ಲೋಟ ನೀರು ಬೆರೆಸಿದರು. ಅದರ ಮೇಲೆ ಬಿಸ್ಕತ್ತಿನ ಪುಡಿಯನ್ನೆಲ್ಲ ಸುರಿದರು. ಇಪ್ಪತ್ತಮೂರು ಮಕ್ಕಳು ಪಾತ್ರೆಯೊಳಗೆ ಇಣುಕಿದರು.

“ಆಯಾ, ಇದು ಅಂಬಲಿ” ಎಂದಳು ಪವಿತ್ರ.

ಮಗು ಸುಳ್ಳು ಹೇಳಿರಲಿಲ್ಲ. ಗಂಟೆ ಹತ್ತೂಕಾಲು. ಮನೆಯವರ ಮುಂದೆ ಅಂಬಲಿ ಬಡಿಸಿದರೆ, ಆಯಾ ಮತ್ತೆಂದೂ ಆ ಮೇಜಿನ ಹಿಂದೆ ನಿಲ್ಲುವ ಹಾಗಿರಲಿಲ್ಲ. ಪುಟ್ಟಲಿಂಗಮ್ಮ ಮಕ್ಕಳ ತಿಂಡಿಗೆಂದು ಇಟ್ಟಿದ್ದ ಹುರಿಗಡಲೆಯ ಡಬ್ಬವನ್ನು ಇಳಿಸಿದರು. ಮಿಕ್ಸಿಯಲ್ಲಿ ಪುಡಿಮಾಡಿ ಹಾಕಿದರು, ಬೆಲ್ಲ ತುರಿದು ಹಾಕಿದರು, ಮತ್ತಷ್ಟು ಪುಡಿ ಹಾಕಿ ಕಲಸಿದರು. ಹಿಟ್ಟು ಮುಷ್ಟಿಯಲ್ಲಿ ನಿಂತಿತು. ತಂಬಿಟ್ಟಿನ ಹದ. “ಈಗ ದಾರಿಗೆ ಬಂತು ನೋಡು” ಎಂದು ಮಕ್ಕಳ ಕೈ ತೊಳೆಸಿ ಸಾಲಾಗಿ ಕೂರಿಸಿದರು.

ಚೈತನ್ಯನ ಬೆರಳು ಬಾಯಿಯ ಕಡೆಗೆ ಹೊರಟಿತು.

“ಏಯ್, ಎಂಜಲು. ಯಾರ ಹಬ್ಬ ಇದು?”

“ಏಸಪ್ಪಂದು.”

“ಅವರ್ಗಿಂತ ಮುಂಚೆ ನೀನು ತಿಂದ್ರೆ ಏನಂದ್ಕೊತಾರೆ?”

ಚೈತನ್ಯ ಮೂಲೆಯ ಗೋದಲಿಯಲ್ಲಿ ಹುಲ್ಲಿನ ಮೇಲೆ ಮಲಗಿದ್ದ ಮಣ್ಣಿನ ಕೂಸು ಏಸಪ್ಪನನ್ನು ನೋಡಿದ. “ಅದಕ್ಕೆ ಇನ್ನೂ ಹಲ್ಲೇ ಬಂದಿಲ್ಲ.”

“ಬರದಿದ್ರೂ ಎಡೆ ಇಡ್ಬೇಕು.”

ಬೆರಳು ನೆಕ್ಕಿದವರು ಎದ್ದು ಹೋಗಿ ಮತ್ತೆ ಕೈ ತೊಳೆಯಬೇಕು ಎಂದಾಯಿತು. ಮೂರು ಮಕ್ಕಳು ಹೋಗಿಬಂದರು. ನಾಲ್ಕನೆಯ ಮಗು ನೆಕ್ಕಲಿಲ್ಲ. ತಂಬಿಟ್ಟಿನ ಆರತಿಗೆ ಬತ್ತಿ ಇಡಲು ಗುಳಿ ಮಾಡುವ ಅಭ್ಯಾಸದಿಂದ ಪುಟ್ಟಲಿಂಗಮ್ಮ ಪ್ರತಿ ಉಂಡೆಯ ನೆತ್ತಿಯನ್ನೂ ಹೆಬ್ಬೆರಳಿನಿಂದ ಒತ್ತಿದರು. ಬೆಂಕಿ ಕೂಡದೆಂಬುದು ನೆನಪಾಗಿ, ಗುಳಿಗೆ ಟೂಟಿಫ್ರೂಟಿ ತುಂಬಿಸಿದರು.

ಹನ್ನೊಂದಕ್ಕೆ ನಾವೆಲ್ಲ ಹೋದಾಗ ತಟ್ಟೆ ಗೋದಲಿಯ ಮುಂದಿತ್ತು. ಮಿಸ್ ಬಂದಿರಲಿಲ್ಲ, ಮಾರ್ಕೆಟ್ ಹತ್ತಿರ ಆಟೋ ಕದಲುತ್ತಿಲ್ಲವೆಂದು ಫೋನ್ ಬಂದಿತ್ತು. ಹನ್ನೊಂದೂವರೆಯಾಯಿತು. ಮಕ್ಕಳು ಕೈಮುಗಿದು ತಟ್ಟೆಯನ್ನೇ ದಿಟ್ಟಿಸುತ್ತಿದ್ದರು. ಚೈತನ್ಯನ ಅಜ್ಜಿ ಭಾಗ್ಯಮ್ಮ ಕೈ ಚಾಚಿದರು.

“ಮಕ್ಕಳು ಹಸ್ದವೆ ಕಣಮ್ಮ, ಕೊಟ್ಬುಡು ಅತ್ಲಾಗೆ.”

“ಕೈ ತೆಗೀರಿ. ಇನ್ನೂ ಎಡೆ ಆಗಿಲ್ಲ.”

“ಸುಮ್ಮನೆ ಕೈಮುಗಿದರೆ ಸಾಲದೇ?” ಎಂದೆ ನಾನು.

“ಅದೆಂಗಾದದು ಮೇಷ್ಟ್ರೇ? ಅವರವರ ದೇವರಿಗೆ ಅವರವರ ಮಾತು ಬೇಡ್ವಾ? ನನಗೆ ಬರೋದೆಲ್ಲ ಮಾದಪ್ಪಂದು.”

ಆಗ ಹರ್ಷಿತಾ, “ಟಿಫನ್ ಪ್ರಾರ್ಥನೆ ಹೇಳಿ” ಎಂದಳು. ದಿನವೂ ಡಬ್ಬಿ ತೆರೆಯುವ ಮುನ್ನ ಮಿಸ್ ಹೇಳಿಸುವ ಪ್ರಾರ್ಥನೆ. ಪುಟ್ಟಲಿಂಗಮ್ಮ ಅದನ್ನು ಇಪ್ಪತ್ತೆರಡು ವರ್ಷ ಬಾಗಿಲಲ್ಲಿ ನಿಂತು ಕೇಳಿದ್ದರು. ಶುರುಮಾಡುವುದು ಮಾತ್ರ ಯಾವಾಗಲೂ ಮಿಸ್.

ಅವರು ಮೇಜಿನ ಹಿಂದೆ ಹೋಗಿ ಕಣ್ಣು ಮುಚ್ಚಿದರು. ಮೊದಲ ಸಾಲು ಬಂತು, ಎರಡನೆಯದು ಮರೆತುಹೋಯಿತು. ಇಪ್ಪತ್ತಮೂರು ಮಕ್ಕಳು ಅದನ್ನು ಎತ್ತಿಕೊಂಡು ‘ಆಮೆನ್’ವರೆಗೆ ಸಾಗಿಸಿದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಪುಟ್ಟಲಿಂಗಮ್ಮ ಮಾದಪ್ಪನಿಗೆ ಜೈಕಾರ ಹಾಕುವ ಅಭ್ಯಾಸಬಲದಿಂದ “ಉಘೇ” ಎಂದುಬಿಟ್ಟರು. ನಮ್ಮಲ್ಲಿ ಅರ್ಧ ಜನ “ಉಘೇ ಉಘೇ” ಎಂದೆವು.

ಬಾಗಿಲಲ್ಲಿ ಸಗಾಯಮೇರಿ ಮಿಸ್ ನಿಂತಿದ್ದರು. ಅವರ ಹಿಂದೆ ಮಹದೇವು. ಹೊಸ ಗಡ್ಡದೊಳಗಿನಿಂದ ಅವನೂ “ಉಘೇ” ಅಂದಿದ್ದ. ಮಿಸ್ ತಟ್ಟೆಯನ್ನು ನೋಡಿದರು.

“ಎಂಬತ್ತಾರು ಇದೆ, ಎಣಿಸ್ಕೊಳ್ಳಿ” ಎಂದರು ಪುಟ್ಟಲಿಂಗಮ್ಮ. ಎಡೆ ಮುಗಿದಿದ್ದರಿಂದ ತಟ್ಟೆ ಕೈಯಿಂದ ಕೈಗೆ ಹೊರಟಿತು.

ಮಿಸ್ ಒಂದನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. “ಇದು ಬಿಸ್ಕತ್ತಿನ ಉಂಡೆ ಅಲ್ವಲ್ಲ?”

“ಬಿಸ್ಕತ್ತು ತಿಂದಿರೋ ತಂಬಿಟ್ಟು ಕಣಮ್ಮ” ಎಂದರು ಭಾಗ್ಯಮ್ಮ, ಎರಡನೆಯದನ್ನು ತೆಗೆದುಕೊಳ್ಳುತ್ತ.

ಮಿಸ್ ಇನ್ನೊಂದು ಉಂಡೆ ತೆಗೆದುಕೊಂಡರು. “ಮುಂದಿನ ವರ್ಷವೂ ಈ ಪಾಠ ನಿಮ್ಮದೇ” ಎಂದು ಪುಟ್ಟಲಿಂಗಮ್ಮನಿಗೆ ಹೇಳಿ, ಮಕ್ಕಳ ಕಡೆ ತಿರುಗಿದರು. “ಯಾರು ಹೇಳಿಕೊಟ್ಟಿದ್ದು ಇದನ್ನ?”

ಯಾರ ಬಾಯಿಯೂ ಖಾಲಿ ಇರಲಿಲ್ಲ. ಚೈತನ್ಯನೊಬ್ಬ ನುಂಗಿ, ಮೇಜಿನ ಕಡೆ ಕೈ ತೋರಿಸಿ, “ಆ ಮಿಸ್” ಎಂದ. ಪುಟ್ಟಲಿಂಗಮ್ಮ ಸೆರಗನ್ನು ಸರಿಮಾಡಿಕೊಂಡರು.

ಅವನು ಚಡ್ಡಿ ಹಿಡಿದುಕೊಂಡು ಅವರ ಹತ್ತಿರವೇ ಬಂದ. “ಮಿಸ್, ಸುಸ್ಸು ಆಗೋಯ್ತು.”

“ಬಂದೆ ಕಣಪ್ಪ, ಮಿಸ್ ಬಂದೆ” ಎಂದು ಪುಟ್ಟಲಿಂಗಮ್ಮ ಬಕೆಟ್ ಎತ್ತಿಕೊಂಡರು.