ರಿಲೀವರ್ ಚೀಟಿ

ಪೀಣ್ಯದ ಎರಡನೇ ಹಂತದಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದಿದೆ. ಅದರ ಗೇಟಿನ ಒಳಗೋಡೆಗೆ ಮರದ ಗೂಡುಗಳ ಕಪಾಟು ಹೊಡೆದಿದ್ದಾರೆ. ಗೂಡುಗಳು ಒಟ್ಟು ನೂರ ನಲವತ್ತು. ಕೆಲಸಕ್ಕೆ ಹೋಗುವ ಪ್ರತಿಯೊಬ್ಬರೂ ಫೋನನ್ನು ಅಲ್ಲಿಟ್ಟು ಹೋಗಬೇಕು. ಎಂಟು ಗಂಟೆ ಕಳೆದು ಹೊರಗೆ ಬರುವಾಗಲೇ ಅದು ಮತ್ತೆ ಕೈಗೆ ಸಿಗುವುದು. ಎಪ್ಪತ್ತಾರನೇ ಗೂಡು ಈಶಪ್ಪಣ್ಣನದು. ಇವತ್ತು ಮೂರು ಸಾವಿರದ ನಾನೂರು ಜನ ಇರುವ ಅವರ ಗುಂಪು ಹುಟ್ಟಿದ್ದು ಆ ಗೂಡಿನಿಂದಲೇ.

ಈಶಪ್ಪಣ್ಣ ಕುಷ್ಟಗಿ ಕಡೆಯವರು. ವಯಸ್ಸು ಮೂವತ್ತಾರು. ಹನ್ನೊಂದು ವರ್ಷದಿಂದ ಲೇತ್ ಆಪರೇಟರ್, ಲಗ್ಗೆರೆಯಲ್ಲಿ ಬಾಡಿಗೆ ಮನೆ. ಊರಿನಲ್ಲಿ ಅವರು ಆಡಿದ್ದು ಕಬಡ್ಡಿ ಮತ್ತು ವಾಲಿಬಾಲ್. ಫುಟ್‌ಬಾಲನ್ನು ಒಮ್ಮೆಯೂ ಕಾಲಲ್ಲಿ ಒದ್ದಿಲ್ಲ. ಇದನ್ನು ಅವರು ಮುಚ್ಚಿಡುವುದಿಲ್ಲ. ಗುಂಪಿಗೆ ಹೊಸಬರು ಬಂದಾಗ ಮೊದಲು ಹೇಳುವುದೇ ಇದನ್ನು.

ಫೋನಿನಲ್ಲಿ ಆಡುವ ಈ ಆಟವನ್ನು ಅವರಿಗೆ ತೋರಿಸಿದ್ದು ಕೆಲಸ ಬಿಟ್ಟುಹೋದ ಒಬ್ಬ ಟ್ರೈನಿ. ಇಂಗ್ಲೆಂಡಿನ ಫುಟ್‌ಬಾಲ್ ಲೀಗಿನಲ್ಲಿ ನಿಜವಾಗಿ ಆಡುವವರಲ್ಲಿ ಹದಿನೈದು ಜನರನ್ನು ಆರಿಸಿ ಫೋನಿನಲ್ಲಿ ನಮ್ಮದೊಂದು ತಂಡ ಕಟ್ಟಬೇಕು. ಪ್ರತಿ ವಾರ ಅವರಲ್ಲಿ ಹನ್ನೊಂದು ಜನರನ್ನು ಇಳಿಸಬೇಕು. ಅಲ್ಲಿ ಅವರು ಗೋಲು ಹೊಡೆದರೆ ಅಥವಾ ಎದುರಿನವರು ಹೊಡೆಯದಂತೆ ತಡೆದರೆ ಇಲ್ಲಿ ನಮಗೆ ಅಂಕ ಬರುತ್ತದೆ. ಒಬ್ಬನನ್ನು ಕ್ಯಾಪ್ಟನ್ ಮಾಡಬಹುದು, ಅವನ ಅಂಕ ಎರಡರಷ್ಟಾಗುತ್ತದೆ. ದುಡ್ಡು ಕಟ್ಟುವಂತಿಲ್ಲ, ಗೆದ್ದರೂ ದುಡ್ಡು ಬರುವುದಿಲ್ಲ. ಈಶಪ್ಪಣ್ಣನಿಗೆ ಹಿಡಿಸಿದ್ದು ಅದೇ.

ಆದರೆ ತಂಡ ಬದಲಿಸುವ ಅವಕಾಶ ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನ ಮುಚ್ಚಿಹೋಗುತ್ತದೆ. ಯಾರಿಗೆ ಕಾಲು ನೋವು, ಯಾರಿಗೆ ಜ್ವರ ಎಂಬ ಸುದ್ದಿಗಳು ಬರುವುದು ಅದಕ್ಕೆ ಸ್ವಲ್ಪ ಮುಂಚೆ. ಕಾರ್ಖಾನೆಯಲ್ಲಿ ಎ ಶಿಫ್ಟು ಬೆಳಗ್ಗೆ ಆರರಿಂದ ಎರಡು, ಬಿ ಶಿಫ್ಟು ಎರಡರಿಂದ ಹತ್ತು, ವಾರಕ್ಕೊಮ್ಮೆ ಅದಲುಬದಲು. ಈಶಪ್ಪಣ್ಣ ಹತ್ತು ವಾರ ಬರೆದಿಟ್ಟು ನೋಡಿದರು. ಎ ಶಿಫ್ಟಿನ ವಾರಗಳಲ್ಲಿ ಸರಾಸರಿ ಐವತ್ತೇಳು ಅಂಕ, ಬಿ ಶಿಫ್ಟಿನ ವಾರಗಳಲ್ಲಿ ನಲವತ್ತೊಂದು. ತಲೆ ಅದೇ, ತಂಡವೂ ಅದೇ. ವ್ಯತ್ಯಾಸವಿದ್ದದ್ದು ಫೋನು ಎಲ್ಲಿದೆ ಎಂಬುದರಲ್ಲಿ.

ಕಾರ್ಖಾನೆಯಲ್ಲಿ ಒಂದು ಪದ್ಧತಿಯಿದೆ. ಶಿಫ್ಟು ಮುಗಿಸಿದವನು ತನ್ನ ರಿಲೀವರ್, ಅಂದರೆ ಮುಂದಿನ ಶಿಫ್ಟಿನವನು, ಬರುವ ತನಕ ಮೆಷಿನ್ ಬಿಟ್ಟು ಹೋಗುವುದಿಲ್ಲ. ಹೋಗುವಾಗ ಚೀಟಿ ಬರೆದಿಡುತ್ತಾನೆ: ಈ ಟೂಲು ಸವೆದಿದೆ, ಅಳತೆ ಇಷ್ಟು ದಾಟಿದರೆ ಹೀಗೆ ಮಾಡು. ಬಂದವನು ಚೀಟಿಯಲ್ಲಿದ್ದಂತೆ ಓಡಿಸುತ್ತಾನೆ, ತನಗೆ ತೋಚಿದಂತೆ ಸೆಟ್ಟಿಂಗ್ ಮುಟ್ಟುವುದಿಲ್ಲ. ಈಶಪ್ಪಣ್ಣ ಇದನ್ನೇ ಆಟಕ್ಕೆ ತಂದರು. ಬಿ ಶಿಫ್ಟಿಗೆ ಹೋಗುವವರು ತಮ್ಮ ತಂಡದ ಚೀಟಿಯನ್ನೂ ಪಾಸ್‌ವರ್ಡನ್ನೂ ಎ ಶಿಫ್ಟಿನಿಂದ ಹೊರಬರುವ ಜೋಡಿಗೆ ಕೊಟ್ಟುಹೋಗುವುದು. ಮುಂದಿನ ವಾರ ಇವರು ಅವರಿಗೆ.

ಅವರ ಮೊದಲ ಜೋಡಿ ಮಾಲಾ ಅಕ್ಕ. ಮಧುಗಿರಿಯವರು, ಅದೇ ಕಾರ್ಖಾನೆಯಲ್ಲಿ ಮುಗಿದ ಪೀಸುಗಳನ್ನು ಅಳೆದು ನೋಡುವ ಇನ್‌ಸ್ಪೆಕ್ಷನ್ ಕೆಲಸ. ಈಶಪ್ಪಣ್ಣ ಚೀಟಿ ಚೀಟಿ ಎಂದಾಗ ಅವರು ಇದ್ಯಾವುದೋ ಚೀಟಿ ಫಂಡಿಗೆ ಜನ ಸೇರಿಸುತ್ತಿದ್ದಾರೆ ಎಂದುಕೊಂಡು ಮೂರು ದಿನ ತಪ್ಪಿಸಿಕೊಂಡು ಓಡಾಡಿದರಂತೆ. ಆಮೇಲೆ ಸೇರಿದರು. ಗೇಟಿನ ವಾಚ್‌ಮನ್ ಮರೆಪ್ಪಣ್ಣನೂ ಸೇರಿದರು. ಆರು ಜನರ ಟೆಲಿಗ್ರಾಂ ಗುಂಪಿಗೆ ಬಿ ಶಿಫ್ಟ್ ಎಫ್‌ಸಿ, ಅಂದರೆ ಫುಟ್‌ಬಾಲ್ ಕ್ಲಬ್, ಎಂದು ಹೆಸರಿಟ್ಟರು.

ಪ್ರತಿ ಶುಕ್ರವಾರ ಈಶಪ್ಪಣ್ಣ ಎಂಟು ನಿಮಿಷದ ಒಂದು ಧ್ವನಿ ಸಂದೇಶ ಹಾಕುತ್ತಿದ್ದರು. ಯಾರು ಆಡುತ್ತಾರೆ, ಯಾರು ಅನುಮಾನ, ಶನಿವಾರ ಎಷ್ಟು ಗಂಟೆಗೆ ಮುಚ್ಚುತ್ತದೆ. ತಮ್ಮ ಊರಿನ ಮಾತಿನಲ್ಲೇ, ಓದಿ ಹೇಳಿದಂತಲ್ಲ, ಪಕ್ಕದಲ್ಲಿ ಕೂತು ಹೇಳಿದಂತೆ. ಅದು ಬಸ್ಸಿನಲ್ಲಿ ಕೇಳಿದವರಿಂದ ಬಸ್ಸಿನಲ್ಲಿ ಕೇಳುವವರಿಗೆ ಹಬ್ಬಿತು. ಎಲೆಕ್ಟ್ರಾನಿಕ್ ಸಿಟಿಯ ಸೆಕ್ಯೂರಿಟಿಯವರು ಬಂದರು, ಕಾಡುಗೋಡಿಯ ಹೋಟೆಲಿನ ಅಡುಗೆಯವರು ಬಂದರು, ಆಸ್ಪತ್ರೆಯ ನರ್ಸುಗಳು ಬಂದರು. ಶನಿವಾರ ಮಧ್ಯಾಹ್ನ ಫೋನು ಮುಟ್ಟಲಾಗದವರು ಊರ ತುಂಬ ಇದ್ದರು. ಎಲ್ಲರಿಗೂ ಜೋಡಿ ಹುಡುಕಿ ಕೊಡುವುದು ಈಶಪ್ಪಣ್ಣನ ಕೆಲಸವಾಯಿತು.

ಫೋನು ಕೈಯಲ್ಲೇ ಇರುವವರೂ ಬಂದರು. ಅವರಲ್ಲಿ ದೀಪು ಒಬ್ಬ. ಕುಂದಲಹಳ್ಳಿಯ ಹಳೇ ಮನೆತನದವನು, ಅವರ ಹೊಲದಲ್ಲಿ ಈಗ ಮೂರು ಪಿಜಿ ಕಟ್ಟಡಗಳಿವೆ. ಸಾಫ್ಟ್‌ವೇರ್ ಟೆಸ್ಟರ್, ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ. ನಗಲಿಕ್ಕೆ ಬಂದವನು ಉಳಿದುಕೊಂಡ. ಗುಂಪಿನೊಳಗೆ ವಾರವಾರ ಇಬ್ಬಿಬ್ಬರು ಎದುರಾಗಿ ಸೋತವರು ಹೊರಬೀಳುವ ಒಂದು ಕಪ್ಪಿನ ಆಟವಿತ್ತು, ಮೊದಲ ವರ್ಷ ಅದನ್ನು ಗೆದ್ದದ್ದೂ ಅವನೇ. ಗೆದ್ದ ದಿನ ಗುಂಪಿನಲ್ಲಿ ಹೇಳಿದ:

“ಗುರು, ನಿಮ್ಮ ಚೀಟಿ ಸಿಸ್ಟಮ್ ಸಕ್ಕತ್ತಾಗಿದೆ. ಆದ್ರೆ ಕಪ್ ಚೀಟೀಲಿ ಬರಲ್ಲ.”

ಈಶಪ್ಪಣ್ಣ ಕೊಟ್ಟ ಉತ್ತರ ಇಷ್ಟೇ: “ನೋಡೋಣ್ರಿ. ಇನ್ನೂ ಒಂದು ಸೀಸನ್ ಐತಿ.”

ಅವರಿಗೆ ಬೇಕಿದ್ದದ್ದು ತಾವು ಗೆಲ್ಲುವುದಲ್ಲ. ತಂಡ ಬದಲಿಸುವ ಬಾಗಿಲು ಮುಚ್ಚುವ ಹೊತ್ತಿಗೆ ಫೋನು ಗೂಡಿನಲ್ಲಿರುವ ಯಾರಾದರೂ ಒಬ್ಬರು, ಒಮ್ಮೆ, ಆ ಕಪ್ಪು ಎತ್ತಬೇಕು. ಇಲ್ಲದಿದ್ದರೆ ಚೀಟಿ ಬರೀ ಸಮಾಧಾನ ಎಂದು ಜನ ಅಂದುಕೊಳ್ಳುತ್ತಾರೆ ಎಂಬ ಅಳುಕು ಅವರಿಗಿತ್ತು.

ಅಳುಕಿಗೆ ಕಾರಣವೂ ಇತ್ತು. ಅದೇ ಮೊದಲ ವರ್ಷದ ಏಪ್ರಿಲ್‌ನಲ್ಲಿ ಒಂದು ತಪ್ಪು ನಡೆದಿತ್ತು. ಚಳಿಗಾಲವಿಡೀ ಶನಿವಾರ ನಾಲ್ಕೂವರೆಗೆ ಮುಚ್ಚುತ್ತಿತ್ತು. ಎ ಶಿಫ್ಟು ಮುಗಿಸಿ ಮನೆಗೆ ಹೋಗಿ, ಸ್ನಾನ ಊಟ ಮುಗಿಸಿ, ಒಂದು ಸಣ್ಣ ನಿದ್ದೆ ತೆಗೆದು ನಾಲ್ಕಕ್ಕೆ ಕೂತರೆ ಸಾಕಾಗುತ್ತಿತ್ತು. ಮಾರ್ಚ್ ಕೊನೆಯಲ್ಲಿ ಇಂಗ್ಲೆಂಡಿನವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಈಶಪ್ಪಣ್ಣನಿಗೆ ಅದು ಗೊತ್ತಿರಲಿಲ್ಲ. ಶುಕ್ರವಾರದ ಸಂದೇಶದಲ್ಲಿ ನಾಲ್ಕೂವರೆ ಎಂದೇ ಹೇಳಿದರು. ಆ್ಯಪಿನಲ್ಲಿ ಸರಿಯಾದ ಸಮಯವೇ ಇತ್ತು, ಮೂರೂವರೆ. ಯಾರೂ ನೋಡಲಿಲ್ಲ. ಈಶಪ್ಪಣ್ಣ ಹೇಳಿದ ಮೇಲೆ ಮತ್ತೇಕೆ ನೋಡುವುದು ಎಂದು. ನಾಲ್ಕಕ್ಕೆ ಎಲ್ಲ ಜೋಡಿಗಳೂ ಚೀಟಿ ಹಿಡಿದು ಕೂತಾಗ ಬಾಗಿಲು ಮುಚ್ಚಿ ಅರ್ಧ ಗಂಟೆಯಾಗಿತ್ತು. ಆ ವಾರ ಗುಂಪಿನಲ್ಲಿ ಇನ್ನೂರ ಹನ್ನೆರಡು ಜನರಿದ್ದರು. ಎರಡು ದಿನದಲ್ಲಿ ಎಂಬತ್ತೇಳು ಜನ ಬಿಟ್ಟುಹೋದರು.

ಅವರ ಕಾರ್ಖಾನೆಯಲ್ಲಿ ಪೀಸು ಕೆಟ್ಟರೆ ಅದಕ್ಕೆ ಕೆಂಪು ಚೀಟಿ ಕಟ್ಟುತ್ತಾರೆ. ಕೆಡಿಸಿದವನು ಅದರಲ್ಲಿ ಏನು ತಪ್ಪಾಯಿತು, ಯಾಕಾಯಿತು, ಇನ್ನು ಮುಂದೆ ಆಗದಂತೆ ಏನು ಮಾಡುತ್ತೇನೆ ಎಂದು ಬರೆದು ಸಹಿ ಹಾಕಬೇಕು. ಈಶಪ್ಪಣ್ಣ ಒಂದು ಕೆಂಪು ಕಾಗದ ತಂದು ಹಾಗೆಯೇ ಬರೆದರು. ತಪ್ಪು: ಸಮಯ. ಕಾರಣ: ನಾನು ಆ್ಯಪ್ ನೋಡದೆ ಹೋದ ವಾರದ್ದನ್ನೇ ಹೇಳಿದೆ. ಮುಂದೆ: ಸಮಯವನ್ನು ಮಾಲಾ ಇನ್ನೊಮ್ಮೆ ನೋಡಿ ಸರಿ ಎಂದ ಮೇಲೆಯೇ ಸಂದೇಶ ಹಾಕುವುದು. ಕೆಳಗೆ ಪೂರ್ತಿ ಹೆಸರು, ಟೋಕನ್ ನಂಬರ್. ಅದರ ಫೋಟೋವನ್ನು ಗುಂಪಿನ ಪುಟದ ಮೇಲ್ತುದಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿದರು. ಅದು ಈಗಲೂ ಅಲ್ಲೇ ಇದೆ. ಬಿಟ್ಟುಹೋದವರಲ್ಲಿ ಅರುವತ್ತಕ್ಕೂ ಹೆಚ್ಚು ಜನ ಆ ಕಾಗದ ನೋಡಿ ವಾಪಸು ಬಂದರು. ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ಕೆಂಪು ಚೀಟಿಗೆ ತಾನಾಗಿ ಸಹಿ ಹಾಕುವುದೆಂದರೆ ಏನೆಂದು ಗೊತ್ತು.

ಎರಡನೇ ವರ್ಷದ ಕಪ್ಪಿನ ಫೈನಲ್‌ಗೆ ಬಂದವರು ದೀಪು ಮತ್ತು ಮಾಲಾ ಅಕ್ಕ. ಆ ವಾರ ಮಾಲಾ ಅಕ್ಕನಿಗೆ ಬಿ ಶಿಫ್ಟು. ರಿಲೀವರ್ ಈಶಪ್ಪಣ್ಣ.

ಶನಿವಾರ ಎರಡಕ್ಕೆ ಶಿಫ್ಟು ಬದಲಾಗುವಾಗ ಮಾಲಾ ಅಕ್ಕ ಗೇಟಿನಲ್ಲಿ ಚೀಟಿ ಕೊಟ್ಟರು. ನೋಡಿ ನಗಬಾರದು ಎಂದು ಮೊದಲೇ ಹೇಳಿದರು. ಈಶಪ್ಪಣ್ಣ ಓದಿ ನಗಲಿಲ್ಲ, ಆದರೆ ಕೇಳದೆ ಇರಲಾಗಲಿಲ್ಲ. ಗೋಲು ತಡೆಯಲು ನಿಲ್ಲುವ ಡಿಫೆಂಡರ್ ತಾನೇ ಗೋಲು ಹೊಡೆಯುವುದು ಅಪರೂಪ.

“ಡಿಫೆಂಡರ್‌ಗೇನವಾ ಕ್ಯಾಪ್ಟನ್?”

“ಈ ವರ್ಷ ಹದಿಮೂರು ಸಲ ತಲೇಲಿ ಹೊಡೆದಿದ್ದಾನೆ ಅಣ್ಣ. ಹದಿಮೂರೂ ಗೋಲ್‌ಕೀಪರ್ ಹಿಡ್ಕೊಂಡ, ಇಲ್ಲಾ ಕಂಬಕ್ಕೆ ಬಡೀತು. ಹದಿನಾಲ್ಕನೇದು ಒಳಗೆ ಹೋಗತ್ತೆ.”

“ಈ ವಾರಾನ ಹೊಕ್ಕೈತಿ ಅಂತ ಹೆಂಗ ಹೇಳ್ತಿ?”

“ಎದುರು ಟೀಮಿನವರು ಕಾರ್ನರ್ ಬಂದಾಗ ಅವನ ಹತ್ರ ಉದ್ದದವರನ್ನ ನಿಲ್ಲಿಸಲ್ಲ. ಒಂಬತ್ತು ಮ್ಯಾಚ್ ನೋಡಿದ್ದೀನಿ.”

ಇಷ್ಟು ಹೇಳಿ ಫೋನನ್ನು ಗೂಡಿಗಿಟ್ಟು ಒಳಗೆ ಹೋದರು.

ಈಶಪ್ಪಣ್ಣ ಮನೆಗೆ ಹೋಗಲಿಲ್ಲ. ಗೇಟಿನೆದುರಿನ ಟೀ ಅಂಗಡಿಯ ಬೆಂಚಿನಲ್ಲಿ ಕೂತರು. ಆ ದಿನ ಬಾಗಿಲು ಮುಚ್ಚುವುದು ಮೂರೂವರೆಗೆ. ಅಷ್ಟು ಹೊತ್ತಿಗೆ ದೀಪು ತನ್ನ ಕ್ಯಾಪ್ಟನ್ ಯಾರೆಂದು ಗುಂಪಿನಲ್ಲಿ ಹೇಳಿಬಿಟ್ಟಿದ್ದ: ಅದೇ ಪಂದ್ಯದಲ್ಲಿ ಎದುರು ಆಡುವ ಫಾರ್ವರ್ಡ್, ಆ ವರ್ಷ ಅತಿ ಹೆಚ್ಚು ಗೋಲು ಹೊಡೆದವನು. ಮಾಲಾ ಅಕ್ಕನ ತಂಡದಲ್ಲೂ ಅವನಿದ್ದ. ಅಕ್ಕನ ಕ್ಯಾಪ್ಟನ್ನೂ ಅವನೇ ತಾನೆ ಎಂದು ಕೇಳಿ ಒಂದರ ಹಿಂದೊಂದು ಸಂದೇಶಗಳು ಬಂದವು. ಬೇರೆಯವರ ಚೀಟಿಯಲ್ಲಿ ಏನಿದೆ ಎಂದು ಹೇಳುವಂತಿಲ್ಲ. ಈಶಪ್ಪಣ್ಣ ಚೀಟಿಯನ್ನು ಮಡಿಚಿ ಜೇಬಿಗಿಟ್ಟರು.

ಮೂರು ಗಂಟೆ ಆರು ನಿಮಿಷಕ್ಕೆ ಸುದ್ದಿ ಬಂತು. ಆ ಡಿಫೆಂಡರ್‌ಗೆ ಜ್ವರವಂತೆ, ಶುಕ್ರವಾರ ಅಭ್ಯಾಸಕ್ಕೆ ಬಂದಿರಲಿಲ್ಲವಂತೆ. ಬರೆದವನು ಅಲ್ಲಿನ ಒಬ್ಬ ಪತ್ರಕರ್ತ. ಕ್ಲಬ್ಬಿನವರು ಏನೂ ಹೇಳಿರಲಿಲ್ಲ. ಈಶಪ್ಪಣ್ಣ ಚೀಟಿ ಮತ್ತೆ ತೆಗೆದು ಓದಿದರು. “ಆಡಲ್ಲ ಅಂತ ಕ್ಲಬ್ಬಿನವರೇ ಹೇಳಿದರೆ ಫಾರ್ವರ್ಡ್‌ನ ಕ್ಯಾಪ್ಟನ್ ಮಾಡಿ. ಬರೀ ಡೌಟ್ ಅಂದರೆ ಬಿಟ್ಟುಬಿಡಿ.”

ಆಗ ತಮ್ಮ ಮನಸ್ಸಿನಲ್ಲಿ ಏನಿತ್ತೆಂದು, ಅದೇ ಗುಂಪಿನಲ್ಲಿರುವ ನನಗೆ ಅವರೇ ಹೇಳಿದ್ದಾರೆ. ಡಿಫೆಂಡರ್ ಆಡದೆ ಮಾಲಾ ಸೋತರೆ ಎರಡು ವರ್ಷ ಕಟ್ಟಿದ್ದಕ್ಕೆ ಜನ ನಗುತ್ತಾರೆ. ಫಾರ್ವರ್ಡ್‌ನನ್ನು ಕ್ಯಾಪ್ಟನ್ ಮಾಡಿದರೆ ದೀಪು ಮಾಡಿದ್ದನ್ನೇ ಮಾಡಿದಂತಾಗುತ್ತದೆ, ಯಾರೂ ತಪ್ಪು ಹೇಳುವುದಿಲ್ಲ. ಬೆರಳು ಆ ಹೆಸರಿನ ಮೇಲೆ ಹೋಗಿತ್ತಂತೆ.

ಬೆರಳು ತೆಗೆದು ಮರೆಪ್ಪಣ್ಣನಿಗೆ ಫೋನ್ ಮಾಡಿದರು. ಮಾಲಾಳನ್ನು ಎರಡು ನಿಮಿಷ ಗೇಟಿಗೆ ಕರೆಸಲಾಗುತ್ತದೆಯೇ ಎಂದು ಕೇಳಿದರು. ಮರೆಪ್ಪಣ್ಣ ಯೋಚಿಸಿ ಹೇಳಿದರು:

“ಎಮರ್ಜೆನ್ಸಿ ಅಂತ ಬುಕ್ಕಿನ್ಯಾಗ ಬರದ್ರ ಕರಸಬಹುದು. ಬರೀಲೇನು?”

“ಯಾರಿಗೆ ಏನಾಗೇತಿ ಅಂತ ಬರೀತಿ?”

“ಡಿಫೆಂಡರ್‌ಗೆ ಜ್ವರ ಬಂದೈತಿ ಅಂತ.”

ಈಶಪ್ಪಣ್ಣನಿಗೆ ಆ ಗಳಿಗೆಯಲ್ಲೂ ನಗು ಬಂತು. ನಕ್ಕ ಮೇಲೆ ತಲೆ ಹಗುರಾಯಿತಂತೆ.

“ಬ್ಯಾಡ ಬಿಡು. ಆಕಿ ಚೀಟಿಯೊಳಗ ಬರದಾಳ. ಓದಾಕ ನನಗ ಬರ್ತೈತಿ.”

ಮೂರೂವರೆ ತನಕ ಕ್ಲಬ್ಬಿನ ಪುಟವನ್ನು ನಿಮಿಷಕ್ಕೊಮ್ಮೆ ನೋಡುತ್ತಾ ಕೂತರು. ಕ್ಲಬ್ಬಿನವರು ಏನೂ ಹೇಳಲಿಲ್ಲ. ಈಶಪ್ಪಣ್ಣ ಏನನ್ನೂ ಮುಟ್ಟಲಿಲ್ಲ. ಬಾಗಿಲು ಮುಚ್ಚಿತು. ಈಗ ಮಾಲಾ ಅಕ್ಕನ ಕ್ಯಾಪ್ಟನ್ ಯಾರೆಂದು ಎಲ್ಲರಿಗೂ ಕಂಡಿತು. ಗುಂಪಿನಲ್ಲಿ ಯಾರು ಏನು ಬರೆದರೆಂದು ನಾನು ಇಲ್ಲಿ ಬರೆಯುವುದಿಲ್ಲ. ಹೆಚ್ಚಿನವರು ಆಮೇಲೆ ಅಳಿಸಿದ್ದಾರೆ.

ನಾಲ್ಕು ಗಂಟೆಗೆ ಆಡುವ ಹನ್ನೊಂದು ಜನರ ಪಟ್ಟಿ ಬಂತು. ಡಿಫೆಂಡರ್ ಅದರಲ್ಲಿದ್ದ.

ಐದಕ್ಕೆ ಆಟ ಶುರುವಾಯಿತು. ಎಪ್ಪತ್ತೊಂದನೇ ನಿಮಿಷದವರೆಗೆ ಎರಡೂ ಕಡೆ ಸೊನ್ನೆ. ಆಗ ಮೈದಾನದ ಬಲ ಮೂಲೆಯಿಂದ ಒದ್ದ ಒಂದು ಕಾರ್ನರ್ ಬಂತು. ಡಿಫೆಂಡರ್ ಹಿಂದಿನಿಂದ ಓಡಿಬಂದ. ಅವನ ಹತ್ತಿರ ಇದ್ದದ್ದು ಎದುರು ತಂಡದ ಅತಿ ಕುಳ್ಳಗಿನ ಆಟಗಾರ. ಡಿಫೆಂಡರ್ ತಲೆಯಿಂದ ಹೊಡೆದ ಚೆಂಡು ಕಂಬದ ಒಳಭಾಗಕ್ಕೆ ತಾಗಿ ಬಲೆಗೆ ಬಿತ್ತು. ಬೇರೆ ಗೋಲು ಆಗಲಿಲ್ಲ. ದೀಪುವಿನ ಫಾರ್ವರ್ಡ್ ಪೂರ್ತಿ ಆಡಿದರೂ ಸಿಕ್ಕಿದ್ದು ಎರಡೇ ಅಂಕ. ಡಿಫೆಂಡರ್‌ಗೆ ಹದಿನೈದು ಅಂಕ, ಕ್ಯಾಪ್ಟನ್ ಆದದ್ದರಿಂದ ಮೂವತ್ತು.

ಬಿ ಶಿಫ್ಟಿಗೆ ಏಳು ಗಂಟೆಗೆ ಊಟದ ಬಿಡುವು. ಈಶಪ್ಪಣ್ಣ ಫೋನ್ ಮಾಡಿ ಹೇಳಿದ ಒಂದೇ ಪದವನ್ನು ಮರೆಪ್ಪಣ್ಣ ಹಳೇ ವಿಸಿಟರ್ ಪಾಸಿನ ಹಿಂದೆ ಬರೆದು ಕ್ಯಾಂಟೀನಿಗೆ ಕಳಿಸಿದರು: ಹದಿನಾಲ್ಕು. ಅದು ಏನೆಂದು ಆ ಕ್ಯಾಂಟೀನಿನಲ್ಲಿ ಒಬ್ಬರಿಗೆ ಮಾತ್ರ ಗೊತ್ತಾಗುವಂಥದ್ದು. ಮಾಲಾ ಅಕ್ಕ ಅದನ್ನು ಓದಿ, ಮಡಿಚಿ, ಊಟದ ಡಬ್ಬಿಯ ಮುಚ್ಚಳದೊಳಗೆ ಇಟ್ಟುಕೊಂಡು, ಇನ್ನೊಮ್ಮೆ ಸಾರು ಹಾಕಿಸಿಕೊಂಡರಂತೆ.

ಭಾನುವಾರದ ಪಂದ್ಯಗಳೂ ಮುಗಿದ ಮೇಲೆ ಮಾಲಾ ಅಕ್ಕನಿಗೆ ಐವತ್ತೆಂಟು, ದೀಪುವಿಗೆ ನಲವತ್ತೊಂಬತ್ತು. ಈಶಪ್ಪಣ್ಣ ಕ್ಯಾಪ್ಟನ್ ಬದಲಿಸಿದ್ದರೆ ಏನಾಗುತ್ತಿತ್ತೆಂದು ನಾನು ಎರಡು ಸಲ ಲೆಕ್ಕ ಹಾಕಿ ನೋಡಿದ್ದೇನೆ. ನಲವತ್ತೈದು. ನಾಲ್ಕು ಅಂಕದಿಂದ ಸೋಲು.

ಆ ರಾತ್ರಿಯಿಂದ ಮುಂದಿನ ಶನಿವಾರದೊಳಗೆ ಗುಂಪಿಗೆ ಎಂಟುನೂರು ಜನ ಹೊಸದಾಗಿ ಸೇರಿದರು. ಬಹುಪಾಲು ಜನ ಬರೆದದ್ದು ಒಂದೇ ಮಾತು: ನಮಗೂ ಒಂದು ಜೋಡಿ ಹುಡುಕಿಕೊಡಿ.

ಕಪ್ಪು ಹೋದ ವರ್ಷ ಗೆದ್ದವರ ಮನೆಯಲ್ಲಿರುತ್ತದೆ, ಸೋತರೆ ಅವರೇ ತಂದುಕೊಡಬೇಕು. ಹಾಗಾಗಿ ಶನಿವಾರ ದೀಪು ಕುಂದಲಹಳ್ಳಿಯಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಪೀಣ್ಯಕ್ಕೆ ಬಂದ. ಕಪ್ಪೆಂದರೆ ಅಂಗಡಿಯದಲ್ಲ. ಅಳತೆ ತಪ್ಪಿ ಕೆಟ್ಟ ಪಂಪಿನ ಒಂದು ಪೀಸನ್ನು ಈಶಪ್ಪಣ್ಣ ಮಾಲೀಕರ ಅನುಮತಿ ಪಡೆದು ಲೇತ್‌ನಲ್ಲಿ ತಿರುಗಿಸಿ ಮಾಡಿದ್ದು. ಮೂರು ಕಿಲೋ ತೂಕ. ಕುತ್ತಿಗೆಗೆ ಆ ಕೆಂಪು ಚೀಟಿಯ ಪ್ರತಿ ಕಟ್ಟಿದೆ. ಸ್ಟೇಷನ್ನಿನಲ್ಲಿ ಬ್ಯಾಗ್ ಪರೀಕ್ಷಿಸುವವರು ಇದೇನೆಂದು ಕೇಳಿ ಹತ್ತು ನಿಮಿಷ ನಿಲ್ಲಿಸಿಕೊಂಡರಂತೆ.

ಎರಡು ಗಂಟೆಗೆ ಶಿಫ್ಟು ಬದಲಾಯಿತು. ಈ ವಾರ ಮಾಲಾ ಅಕ್ಕನಿಗೆ ಎ ಶಿಫ್ಟು, ಈಶಪ್ಪಣ್ಣನಿಗೆ ಬಿ. ಒಳಗಿಂದ ಬರುವವರು, ಹೊರಗಿಂದ ಹೋಗುವವರು ಎಲ್ಲ ಗೇಟಿನಲ್ಲಿ ಗುಂಪಾದರು. ದೀಪು ಎರಡೂ ಕೈಯಲ್ಲಿ ಕಪ್ಪನ್ನು ಮಾಲಾ ಅಕ್ಕನಿಗೆ ಕೊಟ್ಟ. ಅವರು ಎತ್ತಿದರು. ಮರೆಪ್ಪಣ್ಣ ಗೇಟಿನ ಸೀಟಿ ಊದಿದರು. ಅದು ನಿಯಮಕ್ಕೆ ವಿರುದ್ಧ, ಆದರೆ ಸೂಪರ್‌ವೈಸರ್ ಮುರಿಗೆಪ್ಪನವರೂ ಅಲ್ಲೇ ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಗದ್ದಲ ಸ್ವಲ್ಪ ಇಳಿದ ಮೇಲೆ ದೀಪು ಜೇಬಿನಿಂದ ಮಡಿಚಿದ ಕಾಗದ ತೆಗೆದ.

“ಅಕ್ಕ, ಬರೋ ಶನಿವಾರ ನಮ್ಮಕ್ಕನ ಮದುವೆ. ಫೋನ್ ಮುಟ್ಟಿದ್ರೆ ನಮ್ಮಮ್ಮ ಸುಮ್ನೆ ಬಿಡಲ್ಲ. ನೀವು ರಿಲೀವ್ ಮಾಡ್ತೀರಾ?”

ಬರೋ ವಾರ ತನಗೆ ಬಿ ಶಿಫ್ಟು, ಈಶಪ್ಪಣ್ಣನಿಗೆ ಕೊಡು ಎಂದರು ಮಾಲಾ ಅಕ್ಕ. ದೀಪು ಕಾಗದವನ್ನು ಈಶಪ್ಪಣ್ಣನ ಕಡೆ ಚಾಚಿದ. ಈಶಪ್ಪಣ್ಣ ಬಿಡಿಸಿ, ಮೊದಲ ಸಾಲಿಂದ ಕೊನೆಯವರೆಗೆ ಓದಿದರು.

“ಇಲ್ಲಿ ‘ನೋಡ್ಕೊಂಡು ಮಾಡಿ’ ಅಂತ ಬರದೀರಿ. ಅದು ನಡಿಯಂಗಿಲ್ರಿ. ಏನ್ ನೋಡ್ಬೇಕು, ಏನ್ ಮಾಡ್ಬೇಕು, ಬರದು ಕೊಡ್ರಿ.”

ದೀಪು ಮರೆಪ್ಪಣ್ಣನ ಹತ್ತಿರ ಪೆನ್ನು ಇಸಿದುಕೊಂಡು, ಗೇಟಿನ ಮೇಜಿನ ಮೇಲೆ ಬಗ್ಗಿ ಹೊಸದಾಗಿ ಬರೆಯತೊಡಗಿದ. ಈಶಪ್ಪಣ್ಣ ತಮ್ಮ ಚೀಟಿಯನ್ನು ಮಾಲಾ ಅಕ್ಕನ ಕೈಗಿತ್ತು, ಫೋನನ್ನು ಎಪ್ಪತ್ತಾರನೇ ಗೂಡಿನಲ್ಲಿಟ್ಟು, ಹಿಂದೆ ತಿರುಗಿ ನೋಡದೆ ಕೆಲಸಕ್ಕೆ ಹೋದರು.