ಸೂರಮ್ಮನ ಕಾವಲ್ ಪರದೆ

ಸಾವಿರದ ಒಂಬೈನೂರ ಹನ್ನೆರಡರ ಸುಮಾರಿನಲ್ಲಿ ಚಳ್ಳಕೆರೆಯ ಕಂಬಳಿ ನೇಯುವವರ ಬೀದಿಯಲ್ಲಿ ಸೂರಮ್ಮನ ಕೈಗೆ ಸಾಟಿಯೇ ಇರಲಿಲ್ಲ. ಕರಿ ಉಣ್ಣೆಯ ಉದ್ದೆಳೆಗಳ ಹಾಸನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಹುಣಸೆಬೀಜದ ಗಂಜಿಯಲ್ಲಿ ದಪ್ಪ ಕುಂಚ ಅದ್ದಿ, ಈ ತುದಿಯಿಂದ ಆ ತುದಿಗೆ ಬಳಿದುಕೊಂಡು ಹೋದಳೆಂದರೆ ಒಂದೇ ಒಂದು ಎಳೆ ಗಂಟಾಗುತ್ತಿರಲಿಲ್ಲ. ನಲವತ್ತು ದಾಟಿದರೂ ತೋಳು ಸೋತಿರಲಿಲ್ಲ. ಸೋತದ್ದು ಕಣ್ಣು, ಅದೂ ಕರಿಬಣ್ಣ ನೋಡಿ ನೋಡಿ. ಹುಟ್ಟಿದಾಗಿನಿಂದ ಕರಿ ಕುರಿ, ಕರಿ ನೂಲು, ಕರಿ ಕಂಬಳಿ. ಮನುಷ್ಯರಿಗೆ ಬೇಜಾರಾಗದೆ ಇರುತ್ತದೆಯೇ?

ಹಾಗಾಗಿ ಕಂಬಳಿ ಮಾರಲು ಮೊಳಕಾಲ್ಮೂರಿಗೆ ಹೋದಾಗಲೆಲ್ಲ ಅವಳು ರೇಷ್ಮೆಗೆ ಬಣ್ಣ ಹಾಕುವ ತಿಪ್ಪಯ್ಯನ ಹಿತ್ತಿಲಿಗೆ ನುಗ್ಗುತ್ತಿದ್ದಳು. ಹಂಡೆಯ ತಳದಲ್ಲಿ ಉಳಿದ ಕೆಂಪು, ಹಳದಿ, ನೀಲಿಗಳನ್ನು ಕುಡಿಕೆಗಳಿಗೆ ತುಂಬಿಕೊಳ್ಳುವಳು.

"ಏಮಮ್ಮಾ ಸೂರಮ್ಮ, ಈ ಸಲ ಕುರಿಗೇ ಬಣ್ಣ ಹಾಕ್ತೀಯೇನು?" ಎಂದು ತಿಪ್ಪಯ್ಯ ಕಿಚಾಯಿಸುವನು.

"ಗೋಡೆಗೆ ಕಣಣ್ಣ. ಕುರಿ ನಿಂತಲ್ಲಿ ನಿಲ್ಲಲ್ಲ."

ಮನೆಗೆ ಬಂದು ಬಣ್ಣಕ್ಕೆ ಗಂಜಿ ಕಲಸಿ, ಅದೇ ದಪ್ಪ ಕುಂಚದಿಂದ ಹಿತ್ತಿಲ ಗೋಡೆಯ ಮೇಲೆ ಊರಾಚೆಯ ಹುಲ್ಲುಗಾವಲು ಉಳ್ಳಾರ್ತಿ ಕಾವಲನ್ನು ಬರೆಯುವಳು. ಕೂತು ಗೀಚುವುದು ಅವಳಿಗೆ ಗೊತ್ತೇ ಇಲ್ಲ. ನಡೆಯುತ್ತ ನಡೆಯುತ್ತ ಮಾರುದ್ದ ಬಳಿಯುವುದೇ. ಹುಲ್ಲು ಒಂದು ಬೀಸಿಗೆ ಬಾಗುತ್ತಿತ್ತು, ಗುಡ್ಡ ಎರಡು ಬೀಸಿಗೆ ಏಳುತ್ತಿತ್ತು. ಹುಲ್ಲು ಕೆಂಪಗೆ, ಗುಡ್ಡ ಊದಾ ಬಣ್ಣಕ್ಕೆ ಇರುವುದನ್ನು ಕಂಡು ಬೀದಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಳೆ ಬಂದರೆ ಎಲ್ಲ ತೊಳೆದುಹೋಗುವುದು, ಅವಳು ಮತ್ತೆ ಬರೆಯುವಳು. ಆದರೂ ನಾಲ್ಕು ಜನ ಕೂತು ನೋಡುವ ಜಾಗದಲ್ಲಿ ತನ್ನ ಚಿತ್ರ ಒಮ್ಮೆಯಾದರೂ ನಿಲ್ಲಬೇಕು ಎಂಬ ಆಸೆ ಅವಳನ್ನು ಬಿಟ್ಟಿರಲಿಲ್ಲ.

ಆ ವರ್ಷ ಊರಿನ ನಾಟಕ ಮೇಳದ ಯಜಮಾನ ನಾಗೇಂದ್ರಪ್ಪನ ಕಾಡಿನ ಪರದೆಯನ್ನು ಇಲಿಗಳು ಚಿಂದಿ ಮಾಡಿದವು. ನಾಟಕಕ್ಕೆ ಉಳಿದದ್ದು ಆರೇ ದಿನ. ಬಳ್ಳಾರಿಯಿಂದ ಚಿತ್ರಗಾರನನ್ನು ಕರೆಸಲು ಪುರಸೊತ್ತಿಲ್ಲದೆ ಅವನು ಸೂರಮ್ಮನ ಬಾಗಿಲಿಗೆ ಬಂದ.

"ಬರೆದು ಕೊಡು. ಚೆನ್ನಾಗಿದ್ರೆ ಕಟ್ತೀನಿ. ಇಲ್ದಿದ್ರೆ ಸುಣ್ಣ ಬಳಿದು ಅರಮನೆ ಗೋಡೆ ಮಾಡ್ಕೊಂತೀನಿ."

"ಬಟ್ಟೆ ಕಳಿಸ್ರಿ," ಎಂದಳು ಸೂರಮ್ಮ.

ಹಾಸು ಕಟ್ಟುವ ಗೂಟಗಳಿಗೇ ಬಟ್ಟೆ ಬಿಗಿದು ಮೂರು ದಿನ ಬಳಿದಳು. ಮೂರನೆಯ ಸಂಜೆ ನಾಗೇಂದ್ರಪ್ಪ ಬಂದು ನೋಡಿ ಮುಖ ಹುಳ್ಳಗೆ ಮಾಡಿದ. "ಮರ ಎಲ್ಲೈತೆ? ಬರೀ ಹುಲ್ಲು, ಗಾಳಿ! ಇರ್ಲಿ, ನಾಳೆ ಹೇಳ್ತೀನಿ." ಸೂರಮ್ಮನಿಗೆ ಸಿಟ್ಟು ಬಂತು. ಆದರೆ ಕುಂಚ ತೊಳೆಯುವಾಗ ಇನ್ನೊಮ್ಮೆ ತಿರುಗಿ ನೋಡಿ, ಚೆನ್ನಾಗಿಯೇ ಇದೆ ಎಂದುಕೊಂಡಳು.

ಮರುದಿನ ನಾಗೇಂದ್ರಪ್ಪ ಸುಣ್ಣದ ಗಡಿಗೆ ಹೊರಿಸಿಕೊಂಡು, ಮೇಳದವರ ಸಮೇತ ಬಂದ. ಹಿತ್ತಿಲಿಗೆ ಕಾಲಿಟ್ಟರೆ ಪಕ್ಕದ ಮನೆಯ ಹಸು ಹಗ್ಗ ಕಿತ್ತುಕೊಂಡು ಬಂದು ಪರದೆಯ ಕೆಳಗಿನ ಮೂಲೆಯನ್ನು ನೆಕ್ಕುತ್ತಿತ್ತು! ಆ ಮೂಲೆಯ ಹುಲ್ಲೆಲ್ಲ ಮಾಯವಾಗಿ ಬಿಳಿ ಬಟ್ಟೆ ಕಾಣುತ್ತಿತ್ತು. ನಾಗೇಂದ್ರಪ್ಪನ ಮುಖ ಅರಳಿತು.

"ಹಸಾನೇ ಮೋಸ ಹೋಗೈತಲ್ರೋ! ರಾಂಪುರದ ತನಕ ತಮಟೆ ಹೊಡೆಸ್ತೀನಿ, ಹಸ ಮೇಯ್ದ ಪರದೆ ಅಂತ. ಸೂರಮ್ಮ, ಕಟ್ಟೋದೇ ಸೈ!"

ಮೇಳದವರೆಲ್ಲ ಶಹಬ್ಬಾಸ್ ಎಂದರು. ಸೂರಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಕೈಗೂಡುತ್ತಿತ್ತು. ಅವಳಿಗೆ ಅದೇ ಆಗದ ಮಾತು. ಕುಂಚವನ್ನು ಬರೀ ಗಂಜಿಯಲ್ಲಿ ಅದ್ದಿ ಕಲ್ಲಿನ ಮೇಲೆ ಒಂದು ಗೆರೆ ಎಳೆದಳು. ಹಸು ಪರದೆ ಬಿಟ್ಟು ಕಲ್ಲು ನೆಕ್ಕತೊಡಗಿತು.

"ನೋಡಿದ್ರಾ? ಹಸಕ್ಕೆ ಬೇಕಾಗಿದ್ದು ಗಂಜಿ. ಚಿತ್ರ ಅದೇನು ಬಲ್ಲದು? ಅದನ್ನ ನೋಡೋಕೆ ಕಣ್ಣಿರೋದು ನಿಮಗೆ. ನಿಮಗೆ ಚೆನ್ನಾಗಿ ಕಂಡ್ರೆ ಕಟ್ರಿ. ಕಾಣದಿದ್ರೆ ಹಸದ ಹೆಸರು ಹೇಳ್ಕೊಂಡು ಕಟ್ಟೋದು ಬ್ಯಾಡ, ಸುಣ್ಣಾನೇ ಬಳೀರಿ."

"ಸ್ವಲ್ಪ ಹೊತ್ತು ಸುಮ್ನಿರೋಕೆ ನಿಂಗೇನಾಗಿತ್ತು!" ಎಂದು ನಾಗೇಂದ್ರಪ್ಪ ಹಣೆ ಚಚ್ಚಿಕೊಂಡ.

ಸೂರಮ್ಮ ಆಗಲೇ ಕೆಂಪು ಕಲಸುತ್ತಿದ್ದಳು. ಎಲ್ಲರ ಕಣ್ಣೆದುರೇ ಬಿಳಿ ಮೂಲೆಯ ಮೇಲೆ ಎಡದಿಂದ ಬಲಕ್ಕೆ ಒಮ್ಮೆ ಬೀಸಿದಳು, ಒದ್ದೆಯಿದ್ದಂತೆಯೇ ಹಳದಿಯನ್ನು ಅದರೊಳಗೆ ಎಳೆದಳು. ಹುಲ್ಲು ಎದ್ದು ಬಾಗಿತು. ನಾಗೇಂದ್ರಪ್ಪ ನಾಲ್ಕು ಹೆಜ್ಜೆ ಹಿಂದೆ ಸರಿದು, ಮೊದಲ ಸಲ ಪರದೆಯನ್ನು ಪೂರ್ತಿಯಾಗಿ ನೋಡಿದ. ನೋಡಿದ, ನೋಡಿದ, ಆಮೇಲೆ ಮೆಲ್ಲಗೆ ಕೇಳಿದ.

"ಅಲ್ಲ ಸೂರಮ್ಮ, ಇಲ್ಲಿ ಹೊತ್ತು ಹುಟ್ತಾ ಐತೋ, ಮುಳುಗ್ತಾ ಐತೋ?"

"ಹುಟ್ತಾ ಐತೆ."

"ನಮ್ಮ ನಾಟಕದಾಗೆ ರಾಜ ಕಾಡಿಗೆ ಬರೋದು ಸಂಜೆ ಹೊತ್ತು."

"ಹಂಗಾದ್ರೆ ನಾಟಕ ತಿದ್ಕೊಳ್ರಿ."

ನಾಗೇಂದ್ರಪ್ಪ ಸುಣ್ಣದ ಗಡಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ರಾಜನ ಪಾತ್ರದ ಪಾತಣ್ಣನ ಕಡೆ ತಿರುಗಿದ.

"ಲೇ ಪಾತಣ್ಣ, 'ಕತ್ತಲಾಯಿತಲ್ಲಾ' ಅನ್ನೋ ಮಾತು ಬಿಟ್ಬಿಡು. ಇವತ್ತಿಂದ 'ಬೆಳಗಾಯಿತಲ್ಲಾ' ಅಂತ ಕಲಿ."