ಖಾಲಿ ಬಾನಿನಲ್ಲಿ ಕಾಕಾನ ಸ್ಟೇಶನ್ನು

ಹುಕ್ಕೇರಿಯ ಬಸ್ ನಿಲ್ದಾಣದ ಬಳಿ ಒಂದು ಮೊಬೈಲ್ ರಿಪೇರಿ ಅಂಗಡಿಯಿದೆ. ಮೊನ್ನೆ ಅಲ್ಲಿಂದ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು ನೋಡಿ, ನನ್ನ ಬಸ್ಸು ಹೋದದ್ದೂ ತಿಳಿಯಲಿಲ್ಲ. ಕಲ್ಲೋಳಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ನಮ್ಮ ಕಾಕಾನ ಅಂಗಿಗೆ ಸದಾ ಇದೇ ವಾಸನೆ.

ಕಾಕಾನ ತಾಯಿ, ಅಂದರೆ ನಮ್ಮ ಅಜ್ಜಿ, ಸೊಂಟ ಮುರಿದು ತೋಟದ ಮನೆಯಲ್ಲಿ ಮಲಗಿದ್ದಳು. ನಮ್ಮದು ಕುರುಬರ ಮನೆತನ. ಬೀರಪ್ಪನ ಗುಡಿಯಲ್ಲಿ ವಾರಕ್ಕೊಮ್ಮೆ ನಡೆಯುವ ಡೊಳ್ಳಿನ ಹಾಡು ತಪ್ಪಿದ ಮೇಲೆ ಅವಳಿಗೆ ಊಟವೂ ಸೇರದಾಯಿತು. ಕಾಕಾ ಗೋಕಾಕಕ್ಕೆ ಹೋಗಿ ಬಿಡಿಭಾಗ ತಂದು, ಗುಡಿಯ ಹಾಡನ್ನು ಅವಳ ರೇಡಿಯೋಕ್ಕೆ ಮುಟ್ಟಿಸುವ ಪೆಟ್ಟಿಗೆ ಕಟ್ಟಿದ. ಪರವಾನಗಿಯ ವಿಷಯ ಅವನಿಗೂ ಗೊತ್ತಿಲ್ಲ, ಕಾಲೇಜು ಮೆಟ್ಟಿಲು ಹತ್ತಿದ ಗತ್ತಿನಲ್ಲಿ ತಂತಿ ಹಿಡಿದು ನಿಂತಿದ್ದ ನನಗೂ ಗೊತ್ತಿಲ್ಲ. ಕಾಕಾ ಶಾರ್ಟ್ ವೇವ್‌ನಲ್ಲಿ ಸದ್ದಿಲ್ಲದ ಜಾಗ ಹುಡುಕಿ, “ಬೀಳ ಹೊಲ ಐತಿ, ಕುರಿ ಬಿಟ್ರ ಯಾರ್ ಕೇಳ್ತಾರ?” ಅಂದ. ಮೊದಲ ಹಾಡಿಗೇ ಅಜ್ಜಿ ಗಳಗಳ ಅತ್ತಳು.

ದೀಪಾವಳಿ ಮುಗಿದ ವಾರ, ಹಾಡು ನಡೆದಿರುವಾಗಲೇ ಬಾಜೂ ತೋಟದ ಮಾಸ್ತರರು ನಮ್ಮ ಮನೆಗೆ ಬಂದರು. ಮೂಡಲಗಿಯ ಶಾಲೆಯಲ್ಲಿ ಕಲಿಸುವವರು. ದೂರದೇಶದ ರೇಡಿಯೋ ಕೇಳುವುದು ಅವರ ಹುಚ್ಚು.

“ನಿನ್ನ ಡೊಳ್ಳು ಪರದೇಶದ ಸ್ಟೇಶನ್ ಮ್ಯಾಲ ಬೀಳಾಕತ್ತೈತಿ,” ಅಂದರು.

“ಆ ಜಾಗಾ ಖಾಲಿ ಇತ್ರಿ, ಖರೆ!” ಅಂದ ಕಾಕಾ.

“ಆವಾಗ ಖಾಲಿ. ಎಲ್ಲಾ ದೇಶದವ್ರು ಒಪ್ಪಂದ ಮಾಡ್ಕೊಂಡಾರ. ಮುಂಗಾರಿ ಹಿಂಗಾರಿ ಇದ್ದಂಗ ವರ್ಷಕ್ಕ ಎರಡ ಸಲ ಕೂತು, ಯಾವ ಜಾಗಾ ಯಾರಿಗಂತ ಹೊಂದಿಸ್ಕೋತಾರ. ಈಗ ಅವರ ಪಾಳಿ.”

“ಬ್ಯಾರೆ ಜಾಗಾ ಹುಡಕ್ಲೇನ್ರಿ?”

“ಪರವಾನಗಿ ಇಲ್ದ ಯಾವ್ದೂ ನಿಂದಲ್ಲ.”

ನನಗೆ ಮೈ ಜುಮ್ಮೆಂದಿತು. ಒಂದು ಗೇಣು ಬದುವಿಗೆ ಅಣ್ಣತಮ್ಮಂದಿರು ಕೊಡಲಿ ಎತ್ತುವ ಸೀಮೆ ನಮ್ಮದು. ಅಲ್ಲಿ ನೋಡಿದರೆ ಯುದ್ಧ ಮಾಡಿಕೊಂಡ ದೇಶಗಳೂ ಕೂತು, ಕಣ್ಣಿಗೆ ಕಾಣದ ಬಾನನ್ನು ಬರಿಯ ಮಾತಿನ ಮೇಲೆ ಹಂಚಿಕೊಂಡಿದ್ದವು!

ಕಾಕಾನಿಗೆ ಸಿಟ್ಟು. “ಅವರಿಗೇನ್ರಿ ಕಡಿಮಿ? ನಮ್ಮವ್ವಗ ಇದೊಂದ ಐತಿ.”

ಅಜ್ಜಿ ಮಲಗಿದಲ್ಲಿಂದಲೇ ಅಂದಳು: “ಬೀಳ ಇರೋತನಾ ಮೇಯ್ಸಬೇಕು. ಬಿತ್ತಿದ ಮ್ಯಾಲ ನಮ್ಮ ಕುರಿ ಯಾರ ಹೊಲಾನೂ ಹೊಕ್ಕಿಲ್ಲ. ಬಂದ್ ಮಾಡೋ.”

ಕಾಕಾ ಗುಡಿಗೆ ಹೋಗಿ ತಂತಿ ಬಿಚ್ಚಿದ. ಇತ್ತ ಅಜ್ಜಿಯ ರೇಡಿಯೋದಲ್ಲಿ ಡೊಳ್ಳು ನಡುವೆಯೇ ನಿಂತಿತು. ರೇಡಿಯೋ ಆರಿಸಲು ನಾನು ಕೈ ಚಾಚಿದರೆ ಅಜ್ಜಿ ಬಿಡಲಿಲ್ಲ. ಅದೇ ಜಾಗದಲ್ಲಿ ಯಾವುದೋ ಭಾಷೆಯ ಹೆಂಗಸೊಬ್ಬಳು ಹಾಡುತ್ತಿದ್ದಳು. ಅಜ್ಜಿ ಕಣ್ಣೊರೆಸಿಕೊಂಡು ಕೇಳಿದಳು. “ಎಷ್ಟ ದೂರದಿಂದ ಬಂದಾಳ, ಪಾಪ. ಹಾಡ್ಲಿ,” ಅಂದಳು.

ಮೊನ್ನೆ ಆ ಬಸ್ ನಿಲ್ದಾಣದಲ್ಲಿ ತಲೆಯೆತ್ತಿ ಬಾನು ನೋಡಿದೆ. ನನಗರಿವಿಲ್ಲದೆಯೇ ಕೈ ಮುಗಿದೆ. ಪಕ್ಕದಲ್ಲಿ ನಿಂತಿದ್ದವರು, “ಯಾವ ದೇವರ್ರಿ?” ಎಂದು ಕೇಳಿದರು.

ನಾನು ಅಜ್ಜಿಯ ಹೆಸರು ಹೇಳಿದೆ.